ನಿಂತು ಹುಟ್ಟು ಹಾಕುವ ಹಲಗೆ: ಕೊಳ್ಳುವ ಮುನ್ನ, ಹೊತ್ತು ತರುವ ಮುನ್ನ

ಬೇಸಿಗೆ ರಜೆ ಹತ್ತಿರವಾದಂತೆ ನಮ್ಮ ಶಾಲೆಗಳ ಮಕ್ಕಳು ಮನೆಯಲ್ಲಿ ಹೊಸದೊಂದು ಬೇಡಿಕೆಯನ್ನು ಮುಂದಿಡುತ್ತಿದ್ದಾರೆ. ನೀರಿನ ಮೇಲೆ ಉದ್ದನೆಯ ಹಲಗೆ, ಅದರ ಮೇಲೆ ನೆಟ್ಟಗೆ ನಿಂತ ವ್ಯಕ್ತಿ, ಕೈಯಲ್ಲಿ ಒಂದೇ ಹುಟ್ಟು. ಈ ದೃಶ್ಯವನ್ನು ಮಕ್ಕಳು ಮೊಬೈಲಿನಲ್ಲಿ ನೋಡಿರುತ್ತಾರೆ. ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಎಂಬ ಹೆಸರಿನ ಈ ಹಲಗೆಯನ್ನು ಅಂತರ್ಜಾಲದ ಅಂಗಡಿಗಳು ಆಲೂರಿನಂಥ ಊರಿಗೂ ಕಳುಹಿಸಿಕೊಡುತ್ತವೆ. ಬೆಲೆ ಹತ್ತಾರು ಸಾವಿರ ರೂಪಾಯಿ. ಜೊತೆಗೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಹಣವೂ ಮಗುವಿನ ಪ್ರಾಣವೂ ಒಟ್ಟಿಗೆ ಪಣವಾಗುವ ಇಂಥ ವಸ್ತುವಿನ ಬಗ್ಗೆ ಪೋಷಕರು ಕನ್ನಡದಲ್ಲಿಯೇ ತಿಳಿದು ತೀರ್ಮಾನಿಸಬೇಕೆಂಬುದು ನಮ್ಮ ಆಶಯ.

ಈ ಆಟದ ಮೂಲ ಹವಾಯಿ ದ್ವೀಪಗಳಲ್ಲಿದೆ. ನಮಗೆ ಹತ್ತಿರದ ನೆಲೆಯೆಂದರೆ ದಕ್ಷಿಣ ಕನ್ನಡದ ಮೂಲ್ಕಿ. ಅಲ್ಲಿನ ತನ್ವಿ ಜಗದೀಶ್ ಈ ಕ್ರೀಡೆಯಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ. 2024ರ ಮಾರ್ಚ್‌ನಲ್ಲಿ ಮಂಗಳೂರು ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು. ಆದ್ದರಿಂದ ಮಕ್ಕಳ ಆಸೆಯನ್ನು ಹುಚ್ಚಾಟವೆಂದು ತಳ್ಳಿಹಾಕುವುದು ಸರಿಯಲ್ಲ. ವಿಚಾರಿಸದೆ ಹಣ ಕಟ್ಟುವುದೂ ಸರಿಯಲ್ಲ.

ಹರಿಗೋಲು ಕಲಿಸುವ ಪಾಠ

ತುಂಗಭದ್ರೆಯ ದಡದವರಿಗೆ ತೇಲುವ ವಸ್ತುವನ್ನು ಆರಿಸುವುದು ಹೊಸ ವಿದ್ಯೆಯಲ್ಲ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನರನ್ನು ಹೊರುವ ಶಕ್ತಿ. ಇದೇ ನಮ್ಮ ಹರಿಗೋಲು. ತೆಲುಗಿನಲ್ಲಿ ಇದನ್ನು ಪುಟ್ಟಿ ಎನ್ನುತ್ತಾರೆ. ನಮ್ಮ ಮಕ್ಕಳಿಗೆ ಎರಡೂ ಹೆಸರುಗಳು ಪರಿಚಿತ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ದಡ ಸೇರಿದ ಮೇಲೆ ಅಂಬಿಗನು ಅದನ್ನು ಮಗುಚಿ ತಲೆಯ ಮೇಲೆ ಹೊತ್ತು ಮನೆಗೆ ನಡೆಯುತ್ತಾನೆ.

ಹರಿಗೋಲನ್ನು ಆರಿಸುವವನು ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಎಷ್ಟು ಭಾರ ಹೊರಬೇಕು? ಎಂಥ ನೀರಿನಲ್ಲಿ ತೇಲಬೇಕು? ನೀರಿನಿಂದ ಮೇಲೆ ಬಂದ ನಂತರ ಅದನ್ನು ಯಾರು, ಹೇಗೆ ಹೊರುತ್ತಾರೆ? ಪ್ಯಾಡಲ್ ಹಲಗೆಗೂ ಇವೇ ಮೂರು ಪ್ರಶ್ನೆಗಳು ಸಾಕು.

ಭಾರದ ಲೆಕ್ಕ

ತೇಲುವ ವಸ್ತುವು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆರ್ಕಿಮಿಡೀಸನ ಈ ತತ್ತ್ವವನ್ನು ನಮ್ಮ ಮಕ್ಕಳು ಕನ್ನಡದ ವಿಜ್ಞಾನ ಪುಸ್ತಕದಲ್ಲಿ ಕಲಿಯುತ್ತಾರೆ. ಒಂದು ಲೀಟರ್ ನೀರಿನ ತೂಕ ಸುಮಾರು ಒಂದು ಕಿಲೋ. ಸವಾರನ ತೂಕ 55 ಕಿಲೋ, ಹಲಗೆಯ ತೂಕ 9 ಕಿಲೋ ಎಂದಿಟ್ಟುಕೊಳ್ಳೋಣ. ಒಟ್ಟು 64 ಕಿಲೋ ಆಯಿತು. ಹಲಗೆಯ 64 ಲೀಟರಿನಷ್ಟು ಭಾಗ ನೀರಿನಲ್ಲಿ ಮುಳುಗಿದಾಗ ಅದು ತೇಲುತ್ತದೆ. ಹಲಗೆಯ ತಳದ ವಿಸ್ತೀರ್ಣ ಸುಮಾರು 2 ಚದರ ಮೀಟರ್ ಇದ್ದರೆ ಅದು ಮುಳುಗುವುದು ಸುಮಾರು 3 ಸೆಂಟಿಮೀಟರ್ ಮಾತ್ರ.

ತೇಲುವುದು ಬೇರೆ, ಅಲುಗಾಡದೆ ನಿಲ್ಲುವುದು ಬೇರೆ. ಹರಿಗೋಲಿನಲ್ಲಿ ಜನರು ತಳದಲ್ಲಿ ಕುಳಿತಿರುತ್ತಾರೆ. ಭಾರ ಕೆಳಗಿರುತ್ತದೆ, ಅಗಲವೂ ಹೆಚ್ಚು. ಹಲಗೆಯ ಮೇಲೆ ನಿಂತವನ ಭಾರ ಮೇಲಿರುತ್ತದೆ, ಅಗಲವೂ ಕಡಿಮೆ. ಆದ್ದರಿಂದ ಕಲಿಯುವವರಿಗೆ ಸಾಕಷ್ಟು ಗಾತ್ರದ ಹಲಗೆ ಬೇಕು. ದೇಹದ ತೂಕ ಕಿಲೋದಲ್ಲಿ ಎಷ್ಟಿದೆಯೋ ಅದರ ಎರಡರಷ್ಟಾದರೂ ಲೀಟರ್ ಗಾತ್ರವಿರಲಿ ಎಂಬುದು ರೂಢಿಯಲ್ಲಿರುವ ಲೆಕ್ಕ. ವಿವರಪಟ್ಟಿಯಲ್ಲಿ ಬರೆದಿರುವ ಗರಿಷ್ಠ ಭಾರವು ಮುಳುಗದಿರುವ ಮಿತಿಯೇ ಹೊರತು ಆರಾಮವಾಗಿ ನಿಲ್ಲಬಹುದಾದ ಮಿತಿಯಲ್ಲ. ಇದನ್ನು ಪೋಷಕರು ಮರೆಯಬಾರದು.

ಅಳತೆ ಮತ್ತು ಬಗೆ

ಮೊದಲ ಬಾರಿ ಕಲಿಯುವವರಿಗೆ 10ರಿಂದ 11 ಅಡಿ ಉದ್ದ, 32 ಅಂಗುಲದಷ್ಟು ಅಗಲದ ಸರ್ವೋಪಯೋಗಿ ಹಲಗೆ ತಕ್ಕುದು. ಉದ್ದ ಹೆಚ್ಚಿದಷ್ಟೂ ಹಲಗೆ ನೇರವಾಗಿ, ವೇಗವಾಗಿ ಸಾಗುತ್ತದೆ. ಅಗಲ ಹೆಚ್ಚಿದಷ್ಟೂ ಸ್ಥಿರವಾಗಿರುತ್ತದೆ. 12 ಅಡಿ 6 ಅಂಗುಲ ಅಥವಾ 14 ಅಡಿ ಉದ್ದದ ಕಿರಿದಾದ ಹಲಗೆಗಳು ಪಂದ್ಯಕ್ಕಾಗಿ ಮಾಡಿದವು. ಚಿತ್ರದಲ್ಲಿ ಅವು ಸೊಗಸಾಗಿ ಕಾಣುತ್ತವೆಂದು ಮಗುವಿಗೆ ಕೊಡಿಸಿದರೆ ಅದು ನಿಲ್ಲುವುದಕ್ಕಿಂತ ಬೀಳುವುದೇ ಹೆಚ್ಚಾದೀತು.

ಹಲಗೆಯಲ್ಲಿ ಎರಡು ಬಗೆ. ಮೊದಲನೆಯದು ಗಡುಸು ಹಲಗೆ. ಒಳಗೆ ಹಗುರವಾದ ಫೋಮ್, ಹೊರಗೆ ಫೈಬರ್ ಮತ್ತು ರಾಳದ ಪದರ. ನೀರಿನಲ್ಲಿ ಚೆನ್ನಾಗಿ ಜಾರುತ್ತದೆ. ಆದರೆ ಕಲ್ಲಿಗೆ ತಗುಲಿದರೆ ಬಿರುಕು ಬಿಡುತ್ತದೆ, ಮಡಚಲು ಬರುವುದಿಲ್ಲ. ಎರಡನೆಯದು ಗಾಳಿ ತುಂಬುವ ಹಲಗೆ. ಇದರ ಮೇಲಿನ ಮತ್ತು ಕೆಳಗಿನ ಪದರಗಳನ್ನು ಒಳಗೆ ಸಾವಿರಾರು ನೂಲುಗಳು ಹಿಡಿದಿಟ್ಟಿರುತ್ತವೆ. ಗಾಳಿ ತುಂಬಿದಾಗ ಅದು ಬಲೂನಿನಂತೆ ಉಬ್ಬದೆ ಹಲಗೆಯಂತೆ ಚಪ್ಪಟೆಯಾಗಿ ನಿಲ್ಲಲು ಇದೇ ಕಾರಣ. ಸಾಮಾನ್ಯವಾಗಿ 12ರಿಂದ 15 ಪಿಎಸ್‌ಐ ಒತ್ತಡ ಬೇಕಾಗುತ್ತದೆ. ಒತ್ತಡ ಕಡಿಮೆಯಾದರೆ ಹಲಗೆ ನಡುವೆ ಬಾಗುತ್ತದೆ. 4 ಅಂಗುಲ ದಪ್ಪದ್ದಕ್ಕಿಂತ 6 ಅಂಗುಲ ದಪ್ಪದ್ದು ಕಡಿಮೆ ಬಾಗುತ್ತದೆ. ನಮ್ಮ ಭಾಗದ ಕುಟುಂಬಗಳಿಗೆ ಸಾಗಿಸುವ ಅನುಕೂಲದ ದೃಷ್ಟಿಯಿಂದ ಇದೇ ಸೂಕ್ತ.

ಹುಟ್ಟಿನ ಉದ್ದ ಸವಾರನ ಎತ್ತರಕ್ಕಿಂತ 20ರಿಂದ 25 ಸೆಂಟಿಮೀಟರ್ ಹೆಚ್ಚಿರಬೇಕು. 150 ಸೆಂಟಿಮೀಟರ್ ಎತ್ತರದ ಮಗುವಿಗೆ 170ರಿಂದ 175 ಸೆಂಟಿಮೀಟರ್ ಹುಟ್ಟು ಸರಿಹೊಂದುತ್ತದೆ. ಹಲಗೆಯೊಡನೆ ಬರುವ ಹುಟ್ಟು ಸಾಮಾನ್ಯವಾಗಿ ಹಿರಿಯರ ಅಳತೆಯದು. ಅದು ಎಷ್ಟರವರೆಗೆ ಕುಗ್ಗುತ್ತದೆಂದು ಕೊಳ್ಳುವ ಮುನ್ನವೇ ಕೇಳಬೇಕು.

ಸಾಗಿಸುವ ಬಗೆ

ಗಾಳಿ ಬಿಟ್ಟು ಸುತ್ತಿದ ಹಲಗೆ ಬೆನ್ನುಚೀಲದಲ್ಲಿ ಅಡಗುತ್ತದೆ. ಹಲಗೆ, ಹುಟ್ಟು, ಪಂಪು ಎಲ್ಲ ಸೇರಿ ಚೀಲ 10 ಕಿಲೋ ಮೀರಬಹುದು. ಅದನ್ನು ಹೊರುವವರು ಹಿರಿಯರಾಗಿರಲಿ. ರೈಲಿನಲ್ಲಿ ಸ್ಲೀಪರ್ ದರ್ಜೆಯ ಪ್ರಯಾಣಿಕರಿಗೆ 40 ಕಿಲೋ ಸಾಮಾನು ಉಚಿತ. ಪೆಟ್ಟಿಗೆಗಳ ಹೊರ ಅಳತೆ 100 ಸೆಂ.ಮೀ., 60 ಸೆಂ.ಮೀ., 25 ಸೆಂ.ಮೀ. ಮೀರಬಾರದೆಂಬ ನಿಯಮವಿದೆ. ಚೀಲವನ್ನು ಮನೆಯಲ್ಲಿಯೇ ಅಳೆಯಿರಿ. ದಪ್ಪ ಹೆಚ್ಚಾದರೆ ಪಂಪನ್ನು ಬೇರೆ ಚೀಲಕ್ಕೆ ಹಾಕಿ. ಹತ್ತು ಅಡಿಯ ಗಡುಸು ಹಲಗೆಯನ್ನು ಪ್ರಯಾಣಿಕರ ಬೋಗಿಯಲ್ಲಿ ಒಯ್ಯಲಾಗದು. ಲಗೇಜ್ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಬೇಕು.

ಕಾರು ಅಥವಾ ಜೀಪಿನ ಮೇಲೆ ಗಡುಸು ಹಲಗೆ ತರುವುದಾದರೆ ಈ ಕ್ರಮ ಅನುಸರಿಸಬೇಕು. ಹಲಗೆಯ ಹಿಂಬದಿಯ ರೆಕ್ಕೆಯನ್ನು ಬಿಚ್ಚಿಡಬೇಕು. ಕ್ಯಾರಿಯರ್ ಕಂಬಿಗಳಿಗೆ ದಪ್ಪ ಬಟ್ಟೆ ಸುತ್ತಬೇಕು. ಹಲಗೆಯ ಮೂತಿಯನ್ನು ಮುಂದಕ್ಕಿಟ್ಟು, ನಿಲ್ಲುವ ಬದಿ ಕೆಳಗಾಗುವಂತೆ ಮಗುಚಬೇಕು. ಹಲಗೆಯ ಮೂತಿ ತುಸು ಮೇಲಕ್ಕೆ ಬಾಗಿರುತ್ತದೆ; ಮಗುಚಿದಾಗ ಅದು ಕೆಳಮುಖವಾಗಿ, ಎದುರುಗಾಳಿ ಹಲಗೆಯನ್ನು ಮೇಲೆತ್ತದೆ ಕೆಳಕ್ಕೆ ಒತ್ತುತ್ತದೆ. ಎರಡು ಅಗಲ ಪಟ್ಟಿಗಳನ್ನು ಕಂಬಿಗಳ ಅಡಿಯಿಂದ ತಂದು ಬಿಗಿಯಬೇಕು. ಹಲಗೆ ಕದಲದಷ್ಟು ಬಿಗಿ ಸಾಕು. ಲಾರಿಯ ಸರಕಿನಂತೆ ಬಿಗಿದರೆ ಅಂಚು ನಜ್ಜುಗುಜ್ಜಾಗುತ್ತದೆ. ಪಟ್ಟಿಯನ್ನು ಒಂದು ಸುತ್ತು ತಿರುಚಿದರೆ ಗಾಳಿಗೆ ಅದು ಗುಂಯ್ಗುಡುವುದಿಲ್ಲ. ಮೂತಿ ಮತ್ತು ಬಾಲಗಳನ್ನು ವಾಹನದ ಮುಂದಕ್ಕೂ ಹಿಂದಕ್ಕೂ ಹಗ್ಗದಿಂದ ಕಟ್ಟಬೇಕು. ಹೊರಟ ಹತ್ತು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ ಬಿಗಿಯನ್ನು ಪರೀಕ್ಷಿಸಬೇಕು. ಉಬ್ಬುತಗ್ಗಿನ ರಸ್ತೆಯಲ್ಲಿ ಪಟ್ಟಿ ಸಡಿಲವಾಗುವುದು ಸಹಜ.

ನಮ್ಮ ಸೀಮೆಯ ಬಿಸಿಲನ್ನು ಈ ಕೈಪಿಡಿಗಳು ಬಲ್ಲವಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಪಿಎಸ್‌ಐಗೆ ತುಂಬಿದ ಹಲಗೆಯೊಳಗಿನ ಗಾಳಿ ಬಿಸಿಲಿನಲ್ಲಿ 60 ಡಿಗ್ರಿಗೆ ಕಾದರೆ ಒತ್ತಡ ಸುಮಾರು 18.5 ಪಿಎಸ್‌ಐಗೆ ಏರುತ್ತದೆ. ಅನಿಲದ ಒತ್ತಡವು ಉಷ್ಣತೆಯೊಡನೆ ಏರುತ್ತದೆಂಬ ನಿಯಮವೇ ಇದಕ್ಕೆ ಕಾರಣ. ಮಿತಿ ಮೀರಿದರೆ ಹೊಲಿಗೆಯ ಅಂಚು ಬಿಚ್ಚಿಕೊಳ್ಳಬಹುದು. ಆದ್ದರಿಂದ ನೀರಿನಿಂದ ಮೇಲೆ ತಂದೊಡನೆ ತುಸು ಗಾಳಿ ಬಿಡಬೇಕು, ನೆರಳಿನಲ್ಲಿಡಬೇಕು, ಒದ್ದೆ ಆರಿದ ನಂತರವೇ ಸುತ್ತಿಡಬೇಕು.

ಎಲ್ಲಿ ಇಳಿಸಬಾರದು

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಗುರುತರವಾದದ್ದು. ತುಂಗಭದ್ರಾ ಕೆಳಮಟ್ಟದ ಕಾಲುವೆಯಲ್ಲಿ ಹಲಗೆಯನ್ನು ಎಂದಿಗೂ ಇಳಿಸಬಾರದು. ಕಾಲುವೆಯ ನೀರು ಮೇಲ್ನೋಟಕ್ಕೆ ಶಾಂತವಾಗಿ ಕಂಡರೂ ಸೆಳೆತ ಬಲವಾಗಿರುತ್ತದೆ. ಇಳಿಜಾರಾದ ಜಾರುವ ಬದಿಗಳನ್ನು ಹಿಡಿದು ಮೇಲೇರುವುದು ಈಜುಗಾರರಿಗೂ ಕಷ್ಟ. ತೂಬು, ಸೇತುವೆಗಳ ಬಳಿ ನೀರು ಮನುಷ್ಯನನ್ನು ಒಳಗೆಳೆದುಕೊಳ್ಳುತ್ತದೆ. ತುಂಗಭದ್ರೆಯ ಒಡಲಲ್ಲಿ ಬಂಡೆಗಳಿವೆ, ಮೊಸಳೆಗಳೂ ಇವೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಬಹುಬೇಗ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಉಳಿದ ಗೇಟುಗಳನ್ನೂ ತೆರೆದು ನೀರು ಹರಿಸಬೇಕಾಯಿತು. ನದಿಯ ಸ್ವಭಾವ ಒಂದೇ ರಾತ್ರಿಯಲ್ಲಿ ಬದಲಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗದ ವಿಷಯದಲ್ಲಿಯೂ ಎಚ್ಚರ ಬೇಕು. ನಿಂತ ನೀರಿನಲ್ಲಿ ಅದು ರಕ್ಷೆ. ಬಿದ್ದವನಿಗೆ ಹಲಗೆ ಕೈಗೆಟುಕುತ್ತದೆ. ಹರಿಯುವ ನೀರಿನಲ್ಲಿ ಅದೇ ಹಗ್ಗ ಬಂಡೆಗೋ ಮುಳ್ಳುಕಂಟಿಗೋ ಸಿಕ್ಕಿಕೊಂಡರೆ ಸವಾರನು ನೀರಿನಡಿಯಲ್ಲಿ ಸಿಲುಕುತ್ತಾನೆ. ಕಾಲಿನ ಗಂಟು ಬಿಚ್ಚಲು ಪ್ರವಾಹ ಬಿಡುವುದಿಲ್ಲ. ಅಂಥ ನೀರಿಗೆ ಇಳಿಯುವ ಅನುಭವಿಗಳು ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಕಳಚುವ ಪಟ್ಟಿಯನ್ನು ಬಳಸುತ್ತಾರೆ. ಅಳತೆಗೆ ತಕ್ಕ ಲೈಫ್ ಜಾಕೆಟ್ ಇಲ್ಲದೆ ಯಾವ ನೀರಿಗೂ ಇಳಿಯುವಂತಿಲ್ಲ. ಈಜು ಬಾರದ ಮಗುವಿಗೆ ಮೊದಲು ಈಜು ಕಲಿಸಬೇಕು, ಹಲಗೆಯ ಮಾತು ಅನಂತರ.

ನಮ್ಮ ಸಲಹೆ

ಮೊದಲು ಬಾಡಿಗೆಯ ಹಲಗೆಯಲ್ಲಿ ಕಲಿಯಲಿ. ರಜೆಯಲ್ಲಿ ಕರಾವಳಿಗೆ ಹೋಗುವ ಕುಟುಂಬಗಳು ಮೂಲ್ಕಿಯ ಶಾಂಭವಿ ನದಿಯ ಹಿನ್ನೀರಿನಂಥ ಶಾಂತ ನೀರಿನಲ್ಲಿ, ತರಬೇತುದಾರರ ಕಣ್ಣೆದುರಿನಲ್ಲಿ ಮಕ್ಕಳಿಗೆ ಅವಕಾಶ ಕೊಡಬಹುದು. ನಮ್ಮ ಸುತ್ತಮುತ್ತ ಕಾವಲಿರುವ, ಅನುಮತಿಯುಳ್ಳ, ಹರಿವಿಲ್ಲದ ನೀರು ಸಿಗುವವರೆಗೆ ಸ್ವಂತ ಹಲಗೆ ಕೊಳ್ಳುವುದು ವ್ಯರ್ಥ ಖರ್ಚು ಮಾತ್ರವಲ್ಲ; ಮನೆಯಲ್ಲಿ ಹಲಗೆ ಇದ್ದರೆ ಮಗು ಅದನ್ನು ಕಾಲುವೆಗೆ ಒಯ್ಯುವ ಅಪಾಯವೂ ಇದೆ. ಆಸಕ್ತಿ ಉಳಿದು, ಸರಿಯಾದ ಸ್ಥಳವೂ ದೊರೆತರೆ, ನಾಲ್ಕಾರು ಕುಟುಂಬಗಳು ಸೇರಿ ಗಾಳಿ ತುಂಬುವ ಒಂದೇ ಹಲಗೆ ಕೊಳ್ಳುವುದು ವಿವೇಕ.

1953ರ ಅಕ್ಟೋಬರ್ 1ರಂದು ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಅಂದಿನಿಂದ ಇಂದಿನವರೆಗೆ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಪೋಷಕರನ್ನು ಒಂದು ಅಳುಕು ಬಿಟ್ಟಿಲ್ಲ: ಕನ್ನಡದಲ್ಲಿ ಓದಿದ ಮಗು ಹೊರಗಿನ ಹೊಸ ವಸ್ತುಗಳೆದುರು ಹಿಂದೆ ಬೀಳುವುದೇ? ಮೇಲಿನ ಲೆಕ್ಕಗಳನ್ನೊಮ್ಮೆ ಗಮನಿಸಿ. ತೇಲುವಿಕೆ, ಒತ್ತಡ, ಉಷ್ಣತೆ, ಗುರುತ್ವ ಕೇಂದ್ರ: ಈ ಹಲಗೆಯನ್ನು ಆರಿಸಲು ಬೇಕಾದ ಜ್ಞಾನವೆಲ್ಲ ಪ್ರೌಢಶಾಲೆಯ ಕನ್ನಡ ಪಾಠಗಳಲ್ಲಿದೆ. ಇಂದು ಸಂಜೆ ಮಗುವನ್ನು ಕೂರಿಸಿಕೊಂಡು, ಅದರ ತೂಕಕ್ಕೆ ಎಷ್ಟು ಲೀಟರಿನ ಹಲಗೆ ಬೇಕೆಂದು ಅದರ ಕೈಯಿಂದಲೇ ಲೆಕ್ಕ ಮಾಡಿಸಿರಿ. ಕಾಲುವೆಗೆ ಏಕೆ ಇಳಿಯಬಾರದೆಂಬುದನ್ನೂ ಅದರ ಬಾಯಿಂದಲೇ ಹೇಳಿಸಿರಿ.