ಯಂತ್ರವೇ ಪರೀಕ್ಷಕ

2004ರಲ್ಲಿ ಮೊದಲ ಆವೃತ್ತಿ ಕಂಡ ‘ಫೈರ್‌ಫಾಕ್ಸ್’ ಬ್ರೌಸರನ್ನು ನಾವು ಬಲ್ಲೆವು. ಇಂತಹ ಬೃಹತ್ ಕ್ರಮವಿಧಿಯಲ್ಲಿ ಒಂದು ದೋಷವನ್ನು ತಿದ್ದಹೋದರೆ ಇನ್ನೊಂದೆಡೆ ಹೊಸ ದೋಷ ತಲೆಯೆತ್ತಬಹುದು. ಪ್ರತಿ ಸಲವೂ ಸಾವಿರಾರು ಪುಟಗಳನ್ನು ಕಣ್ಣಿನಿಂದಲೇ ಪರೀಕ್ಷಿಸುವುದು ಸಾಧ್ಯವೇ? ಆ ಕಾರ್ಯವನ್ನು ಯಂತ್ರಕ್ಕೇ ವಹಿಸಿದ್ದಾರೆ.

ಆದರೆ ಚಿತ್ರದ ಸರಿತಪ್ಪುಗಳನ್ನು ಯಂತ್ರವು ಅರಿಯುವುದೆಂತು? ಉಪಾಯ ಸರಳವಾದುದು. ಒಂದೇ ರೂಪ ತಾಳಬೇಕಾದ ಎರಡು ಪುಟಗಳನ್ನು ಬೇರೆ ಬೇರೆ ರೀತಿಯಲ್ಲಿ ಬರೆಯುತ್ತಾರೆ. ಯಂತ್ರವು ಅವನ್ನು ಚುಕ್ಕೆ ಚುಕ್ಕೆಯಾಗಿ ಹೋಲಿಸುತ್ತದೆ. ವ್ಯತ್ಯಾಸ ಕಂಡರೆ ಎಲ್ಲಿಯೋ ದೋಷವಿದೆ ಎಂದರ್ಥ. ದೋಷವನ್ನು ತಿದ್ದಿದೊಡನೆ ಅದಕ್ಕೊಂದು ಪರೀಕ್ಷೆಯನ್ನು ಸೇರಿಸಿಟ್ಟರೆ, ಅದು ಮರಳಿದಾಗ ಸಿಕ್ಕಿಬೀಳುತ್ತದೆ.

ಪುಟವು ಪೂರ್ಣವಾಗಿ ಮೂಡುವ ಮುನ್ನವೇ ಹೋಲಿಸಿದರೆ, ಪರೀಕ್ಷೆಯು ಒಮ್ಮೆ ಗೆದ್ದು ಒಮ್ಮೆ ಸೋಲುವುದುಂಟು. ‘ಹುಲಿ ಬಂತು’ ಎಂದು ಹುಸಿಯಾಗಿ ಕೂಗಿದ ಹುಡುಗನನ್ನು ನಾವು ನಂಬುವೆವೇ? ಆದುದರಿಂದ ದೋಷದಷ್ಟೇ ಶ್ರದ್ಧೆಯಿಂದ ಪರೀಕ್ಷೆಯನ್ನೂ ತಿದ್ದಬೇಕು.