ಗಾಡಿ ಓಡದ ದಾರಿ, ನಿಧಾನವಾಗಿ ಬರುವ ಗಿರಾಕಿ

ಕಾಫಿ ಧಾರಣೆಯ ಏರಿಳಿತ, ಅಡಿಕೆಯ ಕೊಳೆರೋಗ, ಕೂಲಿಯಾಳಿನ ಅಭಾವ, ಕಾಡಾನೆಗಳ ಹಾವಳಿ ಇವುಗಳ ನಡುವೆ ಸೈಕಲ್ ಸವಾರಿಯ ವಿಷಯವನ್ನು ಈ ಪತ್ರಿಕೆಯಲ್ಲಿ ಎತ್ತಿಕೊಂಡಿರುವುದೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಾವು ಬೆಳೆದ ಮಾಲನ್ನು ಕೊಳ್ಳುವವನು ನಮ್ಮ ತೋಟದ ಬಾಗಿಲಿಗೇ ಬರುವಂತಾಗಲು ಇರುವ ದಾರಿಗಳಲ್ಲಿ ಇದೂ ಒಂದು ಎಂದು ನಮಗೆ ತೋರಿದೆ. ಆದ್ದರಿಂದಲೇ ಈ ಲೇಖನ.

ಸಂಘದ ಕೆಲಸದ ಮೇಲೆ ಕಾಫಿ ಮಂಡಳಿಗೆ ಹೋದಾಗಲೆಲ್ಲ ನಾವು ಇಳಿದುಕೊಳ್ಳುವುದು ಬೆಂಗಳೂರಿನ ಯಡಿಯೂರಿನಲ್ಲಿ. ಇದು ಕುಣಿಗಲ್ ಕಡೆಯ ಸಿದ್ಧಲಿಂಗೇಶ್ವರ ಸ್ವಾಮಿಯ ಎಡೆಯೂರಲ್ಲ. ಜಯನಗರಕ್ಕೆ ಅಂಟಿಕೊಂಡಿರುವ, ಕೆರೆಯಲ್ಲಿ ಗಣಪತಿ ಬಿಡುವ ಯಡಿಯೂರು. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಮಲೆನಾಡಿನ ಬೆಳೆಗಾರರ ಮಕ್ಕಳು ಎಷ್ಟು ಮಂದಿ ಸಂಸಾರ ಹೂಡಿದ್ದಾರೆಂಬುದು ನಮ್ಮ ಸದಸ್ಯರಿಗೆ ಗೊತ್ತೇ ಇದೆ. ಭಾನುವಾರ ಬೆಳಕು ಹರಿಯುವ ಮೊದಲೇ ಅಲ್ಲಿಂದ ಸೈಕಲ್ ಸವಾರರು ಗುಂಪುಗುಂಪಾಗಿ ಕನಕಪುರ ರಸ್ತೆಯ ಕಡೆಗೆ ಹೊರಡುತ್ತಾರೆ. ಇವರು ಹಾಲಿನವರೂ ಅಲ್ಲ, ಪೇಪರಿನವರೂ ಅಲ್ಲ. ಮೋಟಾರು ಬೈಕಿಗಿಂತ ಹೆಚ್ಚು ಬೆಲೆಯ ಸೈಕಲ್ಲನ್ನು ಖುಷಿಗಾಗಿ ತುಳಿಯುವ ಇಂಜಿನಿಯರುಗಳು, ಡಾಕ್ಟರುಗಳು, ನಿವೃತ್ತ ಅಧಿಕಾರಿಗಳು.

ಇವರಿಗೆ ಬೇಕಾದದ್ದು ಒಂದೇ: ಲಾರಿ, ಬಸ್ಸು, ಕಾರುಗಳ ಭಯವಿಲ್ಲದ ದಾರಿ. 2012ರ ಸುಮಾರಿಗೆ ಜಯನಗರದ ಬೀದಿಗಳಲ್ಲಿ ಸೈಕಲ್ಲಿಗೆಂದೇ ಪಥಗಳನ್ನು ಗುರುತು ಮಾಡಲಾಯಿತು. ಬಹುಬೇಗ ಅವು ಕಾರು ನಿಲ್ಲಿಸುವ ಜಾಗಗಳಾದವು. ಪಟ್ಟಣದಲ್ಲಿ ಬಣ್ಣ ಬಳಿದ ಮಾತ್ರಕ್ಕೆ ದಾರಿ ಆಗುವುದಿಲ್ಲವೆಂದು ಇದರಿಂದ ಗೊತ್ತಾಯಿತು. ಹೀಗಾಗಿ ಸವಾರರು ಹಳ್ಳಿಯ ಕಡೆಗೆ ಮುಖ ಮಾಡಿದ್ದಾರೆ. ಕೆಲವರು ನಂದಿಬೆಟ್ಟಕ್ಕೆ, ಕೆಲವರು ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮಕ್ಕೆ ಹೋಗುತ್ತಾರೆ. 2008ರ ಡಿಸೆಂಬರಿನಲ್ಲಿ ಆರಂಭವಾದ ‘ಟೂರ್ ಆಫ್ ನೀಲ್‌ಗಿರೀಸ್’ ಎಂಬ ಹಲವು ದಿನಗಳ ಸವಾರಿ ಕರ್ನಾಟಕ, ತಮಿಳುನಾಡು, ಕೇರಳಗಳ ಗುಡ್ಡ ಸೀಮೆಗೆ ನೂರಾರು ಸವಾರರನ್ನು ಕರೆತಂದಿದೆ. ಆದರೆ ಎಲ್ಲಿ ಹೋದರೂ ಹೆದ್ದಾರಿಯ ಅಂಚು ಹಿಡಿದೇ ಸಾಗಬೇಕಾದ ಪಾಡು ತಪ್ಪಿಲ್ಲ.

ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ, 1980ರ ದಶಕದ ಕೊನೆಯಲ್ಲಿ ಗ್ರೋವರ್ ದ್ರಾಕ್ಷಿತೋಟ ತಲೆಯೆತ್ತಿದಾಗ ಬಳ್ಳಿಯ ತಳಿ ಫ್ರಾನ್ಸಿನಿಂದ ಬಂತು. ಸಲಹೆಗಾರ ಜಾರ್ಜ್ ವೆಸೆಲ್ ಕೂಡ ಆ ದೇಶದ ಶಾಂಪೇನ್ ಸೀಮೆಯವರೇ. ಬಳ್ಳಿ ಬಂತು, ವಿದ್ಯೆ ಬಂತು. ಫ್ರಾನ್ಸಿನ ದ್ರಾಕ್ಷಿ ಸೀಮೆಯ ಸಣ್ಣ ರೈತನ ಕೈ ಹಿಡಿದಿರುವ ಇನ್ನೊಂದು ಸಂಗತಿ ಮಾತ್ರ ಬರಲಿಲ್ಲ. ಅದೇ ಗಾಡಿ ಓಡದ ದಾರಿ.

ಫ್ರಾನ್ಸಿನಲ್ಲಿ ಆದದ್ದೇನು?

ಅಲ್ಲಿ ಹೊಸದಾಗಿ ಭೂಮಿ ಕೊಂಡು ಇಂಥ ದಾರಿ ಮಾಡಿದ್ದು ಕಡಿಮೆ. ಬಿದ್ದಿದ್ದ ದಾರಿಯನ್ನೇ ಎತ್ತಿ ನಿಲ್ಲಿಸಿದರು. ಬರ್ಗಂಡಿ ಸೀಮೆಯಲ್ಲಿ ರೈಲು ನಿಂತುಹೋದ ಹಳೆಯ ಮಾರ್ಗವೊಂದಿತ್ತು. ಕಂಬಿ ಕಿತ್ತ ಮೇಲೆ ಅದನ್ನು ಸಮಮಾಡಿ, ಜೀವ್ರಿ ಎಂಬ ಊರಿನಿಂದ ಕ್ಲೂನಿಯವರೆಗೆ ಸುಮಾರು 44 ಕಿ.ಮೀ. ಉದ್ದಕ್ಕೆ, 1997ರಲ್ಲಿ ಸೈಕಲ್ಲಿಗೂ ಪಾದಚಾರಿಗಳಿಗೂ ಬಿಟ್ಟುಕೊಟ್ಟರು. ಆ ದೇಶದ ಮೊದಲ ‘ಹಸಿರು ದಾರಿ’ಗಳಲ್ಲಿ ಇದೊಂದು. ರೈಲುದಾರಿಯಾಗಿದ್ದರಿಂದ ಕಡಿದಾದ ಏರುಗಳಿಲ್ಲ. ಅರವತ್ತು ದಾಟಿದವರೂ ತುಳಿಯಬಹುದು. 2004ರಲ್ಲಿ ಹಸಿರು ದಾರಿ ಎಂದರೇನೆಂಬುದನ್ನು ಅವರ ರಸ್ತೆ ಕಾನೂನಿನಲ್ಲೇ ಬರೆದರು: ಇಂಜಿನ್ ಇಲ್ಲದ ವಾಹನ, ನಡೆಯುವವರು, ಕುದುರೆ ಸವಾರರು, ಇಷ್ಟಕ್ಕೇ ಮೀಸಲು.

ದಕ್ಷಿಣದ ಮಿದಿ ಕಾಲುವೆಯದು ಇನ್ನೂ ಹಳೆಯ ಕಥೆ. ಪಿಯೆರ್ ಪೋಲ್ ರಿಕೆ ಎಂಬಾತನ ಯೋಜನೆಯಂತೆ 1667ರಿಂದ 1681ರವರೆಗೆ ತೋಡಿದ, ಸುಮಾರು 240 ಕಿ.ಮೀ. ಉದ್ದದ ಕಾಲುವೆ. ಅದೇ ಕಾಲದಲ್ಲಿ ನಮ್ಮ ಮೈಸೂರು ಸೀಮೆಯನ್ನು ಆಳುತ್ತಿದ್ದವರು ಚಿಕ್ಕದೇವರಾಜ ಒಡೆಯರು (1673–1704). ಅವರ ಹೆಸರಿನ ನಾಲೆ ಇಂದಿಗೂ ಶ್ರೀರಂಗಪಟ್ಟಣದ ಕಡೆ ಗದ್ದೆಗಳಿಗೆ ನೀರುಣಿಸುತ್ತಿದೆ. ಮಿದಿ ಕಾಲುವೆಯಲ್ಲಿ ದ್ರಾಕ್ಷಾರಸ, ಧಾನ್ಯ ತುಂಬಿದ ದೋಣಿಗಳನ್ನು ಕುದುರೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಅದಕ್ಕಾಗಿ ಏರಿಯ ಮೇಲೆ ದಾರಿಯಿತ್ತು. ರೈಲು, ಲಾರಿಗಳು ಬಂದು ಸರಕು ಸಾಗಣೆ ನಿಂತ ಮೇಲೆ ಆ ಏರಿಯ ದಾರಿ ಪ್ರವಾಸಿಗರಿಗೆ ಒದಗಿತು. ತುಲೂಸ್ ನಗರದಿಂದ ಸುಮಾರು 50 ಕಿ.ಮೀ. ಟಾರು ಹಾಕಿದ ದಾರಿ. ಮುಂದೆ ಬಹುಪಾಲು ಮಣ್ಣಿನದೇ.

ಲ್ವಾರ್ ನದಿಯ ಗುಂಟ ಸಾಗುವ ಮಾರ್ಗ ಸುಮಾರು 900 ಕಿ.ಮೀ. ಉದ್ದದ್ದು. 1990ರ ದಶಕದಲ್ಲಿ ಎರಡು ಪ್ರಾಂತ್ಯ ಸರ್ಕಾರಗಳು ಕೂಡಿ ಇದರ ಆಲೋಚನೆ ಮಾಡಿದವು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಷ್ಟುದ್ದಕ್ಕೂ ಪ್ರತ್ಯೇಕ ದಾರಿ ಮಾಡಿಲ್ಲ. ನದಿಯ ಏರಿ ಇದ್ದಲ್ಲಿ ಏರಿ, ಇಲ್ಲದಲ್ಲಿ ವಾಹನ ವಿರಳವಾದ ಹಳ್ಳಿ ರಸ್ತೆ, ಹೀಗೆ ಜೋಡಿಸಿ, ತಿರುವು ತಿರುವಿಗೂ ಫಲಕ ನೆಟ್ಟಿದ್ದಾರೆ. ಖರ್ಚು ಉಳಿಸುವ ಉಪಾಯ ಇದೇ.

ನಿಧಾನದ ಲಾಭ

ಕಾರಿನಲ್ಲಿ ಹೋಗುವವನು ದಿನಕ್ಕೆ 300 ಕಿ.ಮೀ. ಓಡಿ ದೊಡ್ಡ ಊರಿನಲ್ಲಿ ಇಳಿಯುತ್ತಾನೆ. ಸೈಕಲ್ಲಿನವನು 50–60 ಕಿ.ಮೀ.ಗೆ ದಣಿಯುತ್ತಾನೆ. ನಡುವೆ ನೀರು ಬೇಕು, ನೆರಳು ಬೇಕು, ಊಟ ಬೇಕು. ರಾತ್ರಿಗೆ ಹಾಸಿಗೆ ಬೇಕು. ದೊಡ್ಡ ಹೋಟೆಲಿನವರೆಗೆ ಹೋಗಲು ಅವನ ಕಾಲಿನಲ್ಲಿ ತ್ರಾಣವಿರುವುದಿಲ್ಲ. ಆದ್ದರಿಂದ ಸಣ್ಣ ಊರಿನ ಸಣ್ಣವನಿಗೇ ಅವನ ಹಣ ಸಲ್ಲುತ್ತದೆ. ಗಂಟು ಹೊರಲಾರನಾದ್ದರಿಂದ ಕೊಳ್ಳುವುದು ಸ್ವಲ್ಪ. ಆದರೆ ರುಚಿ ಹಿಡಿದರೆ ಊರಿಗೆ ಹೋಗಿ ಮತ್ತೆ ತರಿಸಿಕೊಳ್ಳುತ್ತಾನೆ.

ಜೀವ್ರಿ–ಕ್ಲೂನಿ ದಾರಿಯ ಮೇಲೆ ಬುಸ್ಸಿ ಎಂಬ ಊರಿದೆ. ಅಲ್ಲಿನ ಬೆಳೆಗಾರರು 1931ರಲ್ಲಿಯೇ ಸಹಕಾರ ಸಂಘ ಕಟ್ಟಿಕೊಂಡಿದ್ದವರು. ಎಲ್ಲರ ಹಣ್ಣನ್ನೂ ಒಟ್ಟಿಗೆ ಅರೆದು ಸಂಘದ ಹೆಸರಿನಲ್ಲಿ ಮಾರುವ ಏರ್ಪಾಡು ಅದು. ದಕ್ಷಿಣದಲ್ಲಿ, ಮಿದಿ ಕಾಲುವೆಗೆ ದೂರವಲ್ಲದ ಮರೋಸ್ಸಾನ್ ಗ್ರಾಮದಲ್ಲಿ ಇಂಥ ಸಂಘ 1901ರಲ್ಲೇ ಹುಟ್ಟಿತ್ತು. 1907ರಲ್ಲಿ ಧಾರಣೆ ಕುಸಿದು ಆ ಸೀಮೆಯ ಬೆಳೆಗಾರರು ಲಕ್ಷಗಟ್ಟಲೆ ಬೀದಿಗಿಳಿದಿದ್ದರು. ಸಿಪಾಯಿಗಳ ಗುಂಡಿಗೆ ಜೀವಗಳೂ ಹೋದವು. ಧಾರಣೆಯ ಪೆಟ್ಟು ತಿಂದ ಜನ ಸಹಕಾರವನ್ನು ಹಿಡಿದರು. ಒಬ್ಬಂಟಿ ಬೆಳೆಗಾರ ದಿನವಿಡೀ ಗಿರಾಕಿಗಾಗಿ ಬಾಗಿಲು ತೆರೆದು ಕೂರಲಾರ, ಸಂಘ ಕೂರಬಲ್ಲದು.

ಫ್ರಾನ್ಸಿನಲ್ಲಿ ‘ಸೈಕಲ್ ಸವಾರರಿಗೆ ಸ್ವಾಗತ’ ಎಂಬರ್ಥದ ಫಲಕವೊಂದು ದೇಶದಾದ್ಯಂತ ಚಾಲ್ತಿಯಲ್ಲಿದೆ. ಅದನ್ನು ಪಡೆಯಲು ಮನೆ ಅಥವಾ ಅಂಗಡಿ ಗೊತ್ತುಪಡಿಸಿದ ಮಾರ್ಗದಿಂದ 5 ಕಿ.ಮೀ. ಒಳಗಿರಬೇಕು, ಸೈಕಲ್ಲಿಗೆ ಬೀಗ ಹಾಕಿಡುವ ಜಾಗ, ಪಂಕ್ಚರ್ ಸಾಮಾನು, ದಾರಿಯ ಮಾಹಿತಿ ಇರಬೇಕು. ಅರಮನೆ ಬೇಕಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು.

ನಮ್ಮಲ್ಲೇನಿದೆ?

ನಮ್ಮಲ್ಲಿ ಏರಿಗಳಿಗೆ ಬರವಿಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ಹೊರಟ ನಾಲೆಗಳು ತರೀಕೆರೆ, ಚನ್ನಗಿರಿ ಕಡೆಯ ಅಡಿಕೆ ತೋಟಗಳ ಮಗ್ಗುಲಲ್ಲೇ ಹರಿಯುತ್ತವೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಅಡಿಕೆಯ ನೆರಳು. ಮಂಡ್ಯ ಸೀಮೆಯಲ್ಲಿ ವಿಶ್ವೇಶ್ವರಯ್ಯ ನಾಲೆಯಿದೆ, ವಿರಿಜಾ ನಾಲೆಯಿದೆ. ಕಾಫಿ ಸೀಮೆಯಲ್ಲಂತೂ ತೋಟದಿಂದ ತೋಟಕ್ಕೆ ಹಾಯುವ ದಾರಿಗಳು ಎಷ್ಟೋ ಇವೆ.

ನೆರಳಿನ ಮಾತು ಬಂದದ್ದರಿಂದ ಒಂದು ವಿಷಯ. ಮಿದಿ ಕಾಲುವೆಯ ಎರಡೂ ದಡದಲ್ಲಿ ಸಾಲಾಗಿದ್ದ ಪ್ಲೇನ್ ಮರಗಳಿಗೆ ಶಿಲೀಂಧ್ರ ರೋಗ ತಗಲಿದ್ದು 2006ರಲ್ಲಿ ಕಂಡುಬಂತು. ಮದ್ದಿಲ್ಲದೆ ಸಾವಿರಾರು ಮರಗಳನ್ನು ಕಡಿದು ಸುಡಬೇಕಾಯಿತು. ಕೊಳೆರೋಗ, ಹಳದಿ ಎಲೆ ರೋಗ ಕಂಡ ನಮಗೆ ಅವರ ಸಂಕಟ ವಿವರಿಸಬೇಕಾಗಿಲ್ಲ. ಈಗ ಬೇರೆ ಬೇರೆ ಜಾತಿಯ ಗಿಡ ನೆಟ್ಟು ನೆರಳಿಗಾಗಿ ಕಾಯುತ್ತಿದ್ದಾರೆ. ನಮ್ಮ ಕಾಫಿ ತೋಟಗಳಲ್ಲಿ ಅತ್ತಿ, ಬಸರಿ, ಹಲಸು, ನಂದಿಗಳ ನೆರಳು ಈಗಲೇ ಇದೆ. ಎಲ್ಲವನ್ನೂ ಕಡಿದು ಸಿಲ್ವರ್ ಓಕ್ ಮಾಡುವ ಮೊದಲು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾಫಿಯ ಪೂಲ್ ವ್ಯವಸ್ಥೆ ಇದ್ದಷ್ಟು ಕಾಲ ಬೆಳೆದದ್ದನ್ನು ಮಂಡಳಿಗೆ ಒಪ್ಪಿಸುವುದಷ್ಟೇ ನಮ್ಮ ಕೆಲಸವಾಗಿತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತೂ ಸಿಕ್ಕಿತು. ಆದರೂ ನಮ್ಮಲ್ಲಿ ಬಹುಮಂದಿಯ ಕಣಕ್ಕೆ ಬರುವ ಗಿರಾಕಿ ಇಂದಿಗೂ ವ್ಯಾಪಾರಿಯ ಏಜೆಂಟನೇ. ಒಂದು ಕೆ.ಜಿ. ಪುಡಿಯಲ್ಲಿ ಲೋಟಕ್ಕೆ 10 ಗ್ರಾಂ ಹಾಕಿದರೂ ನೂರು ಲೋಟ ಕಾಫಿ. ಹಾಲು, ಸಕ್ಕರೆ, ಸೌದೆ ಕಳೆದು ಮಿಕ್ಕುವುದನ್ನು, ಅದೇ ಬೀಜವನ್ನು ಮೂಟೆಯಲ್ಲಿ ಕೊಟ್ಟರೆ ಬರುವುದರೊಂದಿಗೆ ಸದಸ್ಯರೇ ಹೋಲಿಸಿ ನೋಡಲಿ. ಅಡಿಕೆಯನ್ನು ಸವಾರ ಕೊಳ್ಳಲಾರ, ನಿಜ. ಆದರೆ ಅದೇ ತೋಟದ ಕಾಳುಮೆಣಸು, ಏಲಕ್ಕಿ, ಜೇನುತುಪ್ಪ, ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಕೊಂಡಾನು. ಮುರುಗಲು ಪಾನಕ ಕುಡಿದಾನು.

ತೊಡಕುಗಳು

ಹಗುರವಾಗಿ ಆಸೆ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಮೊದಲನೆಯದು ಅಪಾಯದ ಮಾತು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ತಡೆಗೋಡೆಯಿಲ್ಲದ ಏರಿಯ ಮೇಲೆ ಬಸ್ಸನ್ನೂ ಸೈಕಲ್ಲನ್ನೂ ಒಟ್ಟಿಗೆ ಬಿಡುವುದು ತರವಲ್ಲ. ಗಾಡಿ ನಿಲ್ಲಿಸಿದರೆ ಮಾತ್ರ ಏರಿ ಸವಾರರ ದಾರಿಯಾದೀತು.

ಎರಡನೆಯದು ಕಾಲ. ಫ್ರಾನ್ಸಿನಲ್ಲಿ ಸವಾರರ ಸುಗ್ಗಿ ವಸಂತದಿಂದ ಬೇಸಗೆಯ ಕೊನೆಯವರೆಗೆ. ದ್ರಾಕ್ಷಿ ಕೊಯ್ಲು ಬರುವುದು ಅದರ ತುದಿಗೆ. ನಮ್ಮಲ್ಲಿ ಮಳೆ ಬಿಟ್ಟು ದಾರಿ ಒಣಗುವ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಅಡಿಕೆ ಸುಲಿತದ, ಕಾಫಿ ಹಣ್ಣು ಬಿಡಿಸುವ ಕಾಲ. ಮನೆಯವರೆಲ್ಲ ಕಣದಲ್ಲಿರುವಾಗ ಅತಿಥಿಗೆ ಕಾಫಿ ಕಾಸುವವರಾರು? ಸಣ್ಣ ಬೆಳೆಗಾರ ಒಬ್ಬನೇ ಈ ಕೆಲಸಕ್ಕೆ ಕೈ ಹಾಕಿದರೆ ಸೋಲುವುದು ಇಲ್ಲೇ. ಸರದಿಯ ಮೇಲೆ ಸಂಘವೇ ನಡೆಸಿದರೆ ನಡೆದೀತು.

ಮೂರನೆಯದು ಆನೆ. ಆಲೂರು, ಸಕಲೇಶಪುರ, ಕೊಡಗಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊತ್ತೇರುವ ಮುಂಚೆ, ಸಂಜೆ ನಾಲ್ಕರ ನಂತರ ಸವಾರಿ ಬೇಡವೇ ಬೇಡ. ತೋಟದ ನಾಯಿಗಳನ್ನು ಕಟ್ಟಿಹಾಕುವುದೂ ಅಷ್ಟೇ ಮುಖ್ಯ. ಸೈಕಲ್ ಚಕ್ರ ಕಂಡರೆ ಅವಕ್ಕೆ ಆವೇಶ ಬರುತ್ತದೆ.

ಸಂಘ ಮಾಡಬಹುದಾದದ್ದು

ನಮ್ಮ ಸೂಚನೆಗಳು ಇಷ್ಟು. ಮೊದಲಿಗೆ 20 ಕಿ.ಮೀ. ಮೀರದ ಒಂದೇ ಮಾರ್ಗವನ್ನು ಆರಿಸುವುದು. ನಾಲೆಯ ಏರಿಯಾದರೆ ನೀರಾವರಿ ನಿಗಮ, ಗ್ರಾಮ ಪಂಚಾಯಿತಿ, ಪೊಲೀಸು ಮೂವರ ಲಿಖಿತ ಒಪ್ಪಿಗೆ ಪಡೆದು, ಭಾನುವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಮಾತ್ರ ಮೋಟಾರು ವಾಹನ ನಿಲ್ಲಿಸುವಂತೆ ಕೇಳುವುದು. ಏರಿಯ ಮೇಲೆ ಎತ್ತಿನ ಗಾಡಿ, ದನಕರು, ಗದ್ದೆಗೆ ಹೋಗುವವರು ಎಂದಿನಂತೆ ಓಡಾಡಲಿ. ದಾರಿ ಮೊದಲು ಅವರದು. ತೋಟದ ಒಳದಾರಿಯಾದರೆ ಮಾಲೀಕರೆಲ್ಲರ ಸಹಿ ಇಲ್ಲದೆ ಹೆಜ್ಜೆ ಇಡಬಾರದು.

ಎರಡನೆಯದಾಗಿ, ಸಂಘದ ಗೋದಾಮಿನ ಜಗುಲಿಯಲ್ಲೇ ಒಂದು ಕಾಫಿ ಕಟ್ಟೆ. ಕುಡಿಯುವ ನೀರು, ಶುಚಿಯಾದ ಶೌಚಾಲಯ, ಗಾಳಿ ಪಂಪು, ಸದಸ್ಯರ ಮಾಲಿನ ಪೊಟ್ಟಣಗಳು. ಪೊಟ್ಟಣಕ್ಕೆ ಆಹಾರ ಸುರಕ್ಷತಾ ನೋಂದಣಿ ಬೇಕು. ಮನೆಯಲ್ಲಿ ರಾತ್ರಿ ತಂಗಿಸುವುದಾದರೆ ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ನೋಂದಣಿ ಬೇಕು. ಇವೆರಡನ್ನೂ ಮಾಡಿಸಿಕೊಡುವುದು ಕಾರ್ಯದರ್ಶಿಯ ಕೆಲಸವೆಂದು ನಾವು ಒಪ್ಪಿದ್ದೇವೆ.

ಮೂರನೆಯದಾಗಿ, ಲೆಕ್ಕ. ಒಂದು ಹಂಗಾಮು ನಡೆಸಿ, ಎಷ್ಟು ಜನ ಬಂದರು, ಎಷ್ಟು ಪುಡಿ, ಎಷ್ಟು ಮೆಣಸು ಹೋಯಿತು, ಯಾರ ಕೂಲಿ ಎಷ್ಟು ಎಂಬುದನ್ನು ಸರ್ವಸದಸ್ಯರ ಸಭೆಯ ಮುಂದಿಡುವುದು. ನಷ್ಟವಾದರೆ ನಿಲ್ಲಿಸುವುದು.

ಬೆಂಗಳೂರಿನಲ್ಲಿ ನೆಲೆಸಿರುವ ಮಕ್ಕಳು ವರ್ಷಕ್ಕೊಮ್ಮೆ ಹಬ್ಬಕ್ಕೆ ಕಾರಿನಲ್ಲಿ ಬಂದು ಹೋಗುತ್ತಾರೆ. ತೋಟ ಮಾರಿಬಿಡೋಣವೆಂಬ ಮಾತು ಎಷ್ಟೋ ಮನೆಗಳಲ್ಲಿ ಆಗಲೇ ಬಂದಿದೆ. ತೋಟ ಉಳಿಯಬೇಕಾದರೆ ಅದರ ಆದಾಯಕ್ಕೆ ಒಂದಕ್ಕಿಂತ ಹೆಚ್ಚು ಬಾಗಿಲು ಬೇಕು. ಬರುವ ಕಾರ್ಯಕಾರಿ ಸಮಿತಿಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ತಮ್ಮ ಊರಿನ ಸುತ್ತ ಇಂಥ ದಾರಿ ಇದ್ದರೆ ಅದರ ಉದ್ದ, ಮಣ್ಣು, ನೆರಳು, ಮಾಲೀಕರ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಬೇಕೆಂದು ಸದಸ್ಯ ಬಾಂಧವರಲ್ಲಿ ಕೋರುತ್ತೇವೆ.