ನೂರ ಮೂವತ್ತು ಗಿಡಗಳ ವಂಶ

ತೈವಾನ್‌ನಿಂದ ಬಂದ ಟೀ ಗಿಡದ ಕಡ್ಡಿಗಳು ಸುಮಾರು 1,500. ನ್ಯೂಜಿಲೆಂಡಿನ ಕ್ವಾರಂಟೈನಿನಲ್ಲಿ ಹತ್ತು ತಿಂಗಳು ಕಳೆದು ಹೊರಬರುವಾಗ ಜೀವ ಉಳಿಸಿಕೊಂಡಿದ್ದವು 130. ಮಗಳ ಬಾಣಂತನಕ್ಕೆಂದು ಆಕ್ಲೆಂಡಿಗೆ ಹೋಗಿಬಂದ ನಮ್ಮ ಅಮ್ಮಂದಿರಿಗೆ ಆ ದೇಶದ ಕಟ್ಟುನಿಟ್ಟು ಚೆನ್ನಾಗಿ ಗೊತ್ತು. ಹೊರಗಿನ ಹುಳು, ಹೊರಗಿನ ರೋಗ ಒಳಗೆ ಬಾರದಂತೆ ಕಾಯುವ ದ್ವೀಪ ಅದು. ಅಂಥ ಬಾಗಿಲು ದಾಟಿದ 130 ಗಿಡಗಳಿಂದ ಇಂದು 12 ಲಕ್ಷ ಗಿಡಗಳ ತೋಟ ಎದ್ದಿದೆ. ತೋಟದ ಹೆಸರು ಜೀಲಾಂಗ್: ನ್ಯೂಜಿಲೆಂಡಿನ ‘ಜೀಲೆಂಡ್’ ಮತ್ತು ಊಲಾಂಗ್ ಎಂಬ ಟೀ ಬಗೆ, ಎರಡನ್ನೂ ಬೆಸೆದ ಹೆಸರು.

ಶುರುವಾದದ್ದು ಒಂದು ಹೂವಿನ ಗಿಡದಿಂದ. ತೈವಾನ್ ಮೂಲದ ಚೆನ್ ಕುಟುಂಬ ಹ್ಯಾಮಿಲ್ಟನ್ ನಗರದಲ್ಲಿ ನೆಲೆಸಿತ್ತು. ನೆರೆಯವರ ಅಂಗಳದಲ್ಲಿ ಕ್ಯಾಮೆಲಿಯಾ ಸೊಂಪಾಗಿ ಬೆಳೆದದ್ದು ಅವರ ಕಣ್ಣಿಗೆ ಬಿತ್ತು. ಟೀ ಗಿಡವೂ ಅದೇ ಕುಲದ್ದು, ಶಾಸ್ತ್ರೀಯ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್. ಅಕ್ಕ ಬೆಳೆದ ಮಣ್ಣಿನಲ್ಲಿ ತಂಗಿ ಬೆಳೆಯಲಾರಳೇ? ವಿನ್ಸೆಂಟ್ ಚೆನ್ ಮತ್ತು ಅವರ ತಂದೆ 1996ರಲ್ಲಿ ಪ್ರಯತ್ನಕ್ಕಿಳಿದರು. ಅವರ ಟೀ ಮಾರುಕಟ್ಟೆಗೆ ಬಂದದ್ದು 2009ರಲ್ಲಿ. ನಡುವೆ ಹದಿಮೂರು ವರ್ಷ. ಒಂದು ಗಿಡದಿಂದ ಹತ್ತು ಕಡ್ಡಿ, ಆ ಹತ್ತರಿಂದ ಮತ್ತಷ್ಟು ಎಂದು ವಂಶ ಬೆಳೆಸುತ್ತ ಕಾದ ವರ್ಷಗಳು ಅವು. ತೋಟದ ಅಂದಕ್ಕಿಂತ ಆ ಕಾಯುವಿಕೆಯೇ ನನ್ನಲ್ಲಿ ಗೌರವ ಹುಟ್ಟಿಸಿತು.

ಆಕ್ಲೆಂಡಿನಿಂದ ದಕ್ಷಿಣಕ್ಕೆ ಒಂದೂವರೆ ಗಂಟೆಯ ಕಾರಿನ ದಾರಿ. ಹುಲ್ಲು, ಬೇಲಿ, ಹಸು. ಮತ್ತೆ ಹುಲ್ಲು, ಬೇಲಿ, ಹಸು. ಈ ವೈಕಾಟೊ ಪ್ರಾಂತ್ಯ ನ್ಯೂಜಿಲೆಂಡಿನ ಹಾಲಿನ ಕಣಜ. ಹ್ಯಾಮಿಲ್ಟನ್ ಹೊರವಲಯದ ಗಾರ್ಡನ್‌ಟನ್ ರಸ್ತೆಗೆ ಬಂದರೆ ಹುಲ್ಲುಗಾವಲಿನ ನಡುವೆ ಬಾಚಣಿಗೆಯಲ್ಲಿ ಬಾಚಿದಂಥ ಟೀ ಸಾಲುಗಳು ಸಿಗುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನ ಟೀ ಗುಡ್ಡ ಕಂಡವರಿಗೆ ಇಲ್ಲಿನ ನೆಲ ಸಪಾಟಾಗಿ ಕಾಣುತ್ತದೆ. ಋತುವೂ ತಿರುಗುಮುರುಗು. ನಮ್ಮಲ್ಲಿ ದೀಪಾವಳಿ ಮುಗಿದು ಚಳಿ ಹಿಡಿಯುವ ನವೆಂಬರಿನಲ್ಲಿ ಅಲ್ಲಿ ವಸಂತದ ಚಿಗುರು ಕೊಯ್ಲಿಗೆ ಬರುತ್ತದೆ.

ಹಸಿರು ಟೀ ಒಂದು ಗಿಡ, ಕಪ್ಪು ಟೀ ಇನ್ನೊಂದು ಗಿಡ ಎಂದು ನಂಬಿದವರು ನಮ್ಮಲ್ಲಿ ಬಹಳ. ಗಿಡ ಒಂದೇ, ಬೇರೆಯಾಗುವುದು ಕೊಯ್ದ ಮೇಲೆ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ಲ, ಜಜ್ಜಿದ ಟೀ ಎಲೆಯಲ್ಲಿ ಆಗುವುದೂ ಅದೇ. ಕೊಯ್ದ ಎಲೆಗೆ ಬೇಗನೆ ಬಿಸಿ ತಾಗಿಸಿ ಆ ಕ್ರಿಯೆಯನ್ನು ತಡೆದರೆ ಹಸಿರು ಟೀ. ಪೂರ್ತಿ ನಡೆಯಲು ಬಿಟ್ಟರೆ ಕಪ್ಪು. ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಿದರೆ ಊಲಾಂಗ್. ಆ ‘ಎಲ್ಲೋ ಒಂದು ಕಡೆ’ ಯಾವುದೆಂದು ಮೂಗಿನಿಂದ ಹಿಡಿಯುವುದೇ ಊಲಾಂಗ್ ಮಾಡುವವರ ವಿದ್ಯೆ. ಎಲೆಯನ್ನು ಬಿಸಿಲಿಗೆ ಹರಡಿ ಬಾಡಿಸುತ್ತಾರೆ. ನೆರಳಿಗೆ ತಂದು, ನಾವು ಮೊರದಲ್ಲಿ ಅಕ್ಕಿ ಕೇರುವಂತೆ ಆಗಾಗ ಎತ್ತಿ ಹಾರಿಸುತ್ತಾರೆ. ಎಲೆಯಂಚು ನಲುಗಿ ಕೆಂಪಾಗುತ್ತದೆ, ಒಡಲು ಹಸಿರಾಗಿಯೇ ಉಳಿಯುತ್ತದೆ. ಹಸಿ ವಾಸನೆ ಹೋಗಿ ಹೂವಿನ ಘಮ ಬರುವ ಗಳಿಗೆಗೆ ಕಾಯುತ್ತಾರೆ. ಅದು ಬಂದೊಡನೆ ಬಿಸಿ ಡ್ರಮ್ಮಿಗೆ ಹಾಕಿ ತಿರುಗಿಸಿ, ಬಟ್ಟೆಯಲ್ಲಿ ಕಟ್ಟಿ, ಹಿಸುಕಿ, ಬಿಚ್ಚಿ, ಮತ್ತೆ ಕಟ್ಟುತ್ತಾರೆ. ಎಷ್ಟೋ ಸಲ ಹೀಗೆ ಮಾಡಿದ ಮೇಲೆ ಎಲೆ ಕಾಳಿನಂತೆ ಉಂಡೆಗಟ್ಟುತ್ತದೆ. ಅದನ್ನು ಇನ್ನಷ್ಟು ಹುರಿದರೆ ರುಚಿ ಬೇರೆಯೇ.

ನ್ಯೂಜಿಲೆಂಡಿನ ಮನೆಮನೆಯ ಟೀ ಮಾತ್ರ ಇದಲ್ಲ. ಅಲ್ಲಿ ಸಾಮಾನ್ಯ ಹಾಲು ಬೆರೆತ ಕಪ್ಪು ಟೀಗೆ ಪ್ರೀತಿಯಿಂದ ‘ಗಮ್‌ಬೂಟ್ ಟೀ’ ಎನ್ನುತ್ತಾರೆ, ಕೆಸರಿನಲ್ಲಿ ದುಡಿಯುವ ರೈತನ ರಬ್ಬರ್ ಬೂಟಿನ ಹೆಸರಿನಲ್ಲಿ. ಕೆಲಸದ ನಡುವಿನ ಬಿಡುವಿಗೆ ‘ಸ್ಮೋಕೊ’ ಎಂಬ ಹೆಸರಿದೆ. ಬಯಲಿನಲ್ಲಿ ಟೀ ಕಾಯಿಸಲು 1929ರಲ್ಲಿ ಜಾನ್ ಹಾರ್ಟ್ ಎಂಬವರು ‘ಥರ್ಮೆಟ್’ ರೂಪಿಸಿದರು. ನಡುವೆ ಪುರಳೆಯ ಬೆಂಕಿ, ಸುತ್ತ ನೀರು. ನಮ್ಮ ಹಳೇ ಬಚ್ಚಲಿನ ತಾಮ್ರದ ಬಾಯ್ಲರಿನ ಪುಟ್ಟ ತಮ್ಮನೆಂದರೆ ಸರಿ. ಎಷ್ಟೇ ಗಾಳಿಯಿದ್ದರೂ ನೀರು ಕುದಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ನ್ಯೂಜಿಲೆಂಡ್ ಸೈನಿಕರ ಜೊತೆ ಅದು ಉತ್ತರ ಆಫ್ರಿಕಾದ ಮರಳುಗಾಡಿಗೂ ಹೋಯಿತು.

ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮಾರಾಯಿಗೆ, ಅಂದರೆ ಕುಲದವರೆಲ್ಲ ಸೇರುವ ಮನೆಯಂಗಳಕ್ಕೆ, ಅತಿಥಿಯಾಗಿ ಹೋದರೆ ಸ್ವಾಗತದ ವಿಧಿಗಳ ಬಳಿಕ ‘ಕಾಪು ಟೀ’, ತಿನಿಸು ಬರುತ್ತದೆ. ಕೂಡಿ ತಿಂದು ಕುಡಿದಾಗಲೇ ವಿಧಿಯ ಮಡಿ ಕಳೆದು ಮಾತು ಸಲೀಸಾಗುತ್ತದೆ. ಅವರದೇ ಕಷಾಯವೂ ಇದೆ, ಕಾವಾಕಾವಾ ಎಲೆಯದು. ಆ ಎಲೆಯನ್ನು ಮೊದಲ ಸಲ ಕಂಡಾಗ ವೀಳ್ಯದೆಲೆ ಎಂದೇ ಕೈಹಾಕಿದೆ. ಹೃದಯದಾಕಾರ, ಅದೇ ಗೆರೆಗಳು, ಖಾರದ ಘಮ. ವೀಳ್ಯದೆಲೆ, ಕಾಳುಮೆಣಸು, ಕಾವಾಕಾವಾ ಮೂರೂ ನಿಜಕ್ಕೂ ಒಂದೇ ಕುಲ. ಹುಳು ತಿಂದು ತೂತಾದ ಎಲೆಯೇ ಮದ್ದಿಗೆ ಉತ್ತಮ ಎಂದು ಆರಿಸುತ್ತಾರೆ. ಸಾವಿನ ಮನೆಯಲ್ಲಿ ತಲೆಗೆ ಮುಡಿಯುವ ಶೋಕದ ದಂಡೆಯೂ ಇದೇ ಎಲೆಯದು.

ಇನ್ನು ಮಾಡುವ ಹದ. ನಮ್ಮ ದಿನಬಳಕೆಯ ಸಿಟಿಸಿ ಟೀ ಪುಡಿ ಹಾಲು ಸಕ್ಕರೆಯ ಜೊತೆ ಕುದಿಯಲೆಂದೇ ಹುಟ್ಟಿದ್ದು, ಅದನ್ನು ಧಾರಾಳವಾಗಿ ಕುದಿಸಿ. ಇಡೀ ಎಲೆಯ ಟೀಯನ್ನು ಮಾತ್ರ ಒಲೆಯ ಮೇಲಿಡಬೇಡಿ. ಕಪ್ಪು ಎಲೆಗೆ ಕುದಿಯುವ ನೀರನ್ನೇ ಸುರಿದು ಮೂರು ನಿಮಿಷ ಮುಚ್ಚಿಡಿ. ಹಸಿರು ಎಲೆಗೆ ನೀರು 80 ಡಿಗ್ರಿಗೆ ಇಳಿಯಬೇಕು, ಇಲ್ಲದಿದ್ದರೆ ಕಹಿ, ಒಗರು. ಮೊದಮೊದಲು ನಾನು ಕೆಡಿಸಿದ್ದೆಲ್ಲ ಈ ಅವಸರದಿಂದಲೇ. ಊಲಾಂಗಿಗೆ ಸುಮಾರು 90 ಡಿಗ್ರಿ. ಕುದಿ ಬಂದ ನೀರನ್ನು ಒಂದೆರಡು ನಿಮಿಷ ತಣಿಯಲು ಬಿಟ್ಟರಾಯಿತು. ಒಂದು ಕಪ್‌ಗೆ 3 ಗ್ರಾಂ, ಅಂದರೆ ಒಂದು ಚಮಚ ಉಂಡೆ. ಹಾಲು ಬೇಡ, ಸಕ್ಕರೆ ಬೇಡ. ಮೊದಲ ನೀರನ್ನು ಹಾಕಿದ ಕೂಡಲೇ ಚೆಲ್ಲಿ, ಅದು ಎಲೆಯನ್ನು ಎಬ್ಬಿಸಲು. ಎರಡನೆಯದನ್ನು ಒಂದು ನಿಮಿಷಕ್ಕೆ ಬಸಿದುಕೊಳ್ಳಿ. ಎಲೆಯನ್ನು ಎಸೆಯದೆ ಮತ್ತೆ ನೀರು ಹಾಕಿ, ಪ್ರತಿಸಲವೂ ಸ್ವಲ್ಪ ಹೆಚ್ಚು ಹೊತ್ತು ಬಿಡಿ. ನಾಲ್ಕೈದು ಸಲ ರಸ ಕೊಡುತ್ತದೆ, ಒಂದೊಂದು ಸಲಕ್ಕೂ ಒಂದೊಂದು ರುಚಿ.

ಕೊನೆಯ ಕಪ್ ಮುಗಿದ ಮೇಲೆ ಮುಚ್ಚಳ ತೆಗೆದು ನೋಡಿ. ಕಾಳಿನಂತಿದ್ದ ಉಂಡೆ ಬಿಚ್ಚಿಕೊಂಡು ಪಾತ್ರೆ ತುಂಬಿರುತ್ತದೆ. ಒಂದನ್ನು ಬೆರಳಲ್ಲಿ ಎತ್ತಿದರೆ ಒಂದೇ ತೊಟ್ಟಿನ ಮೇಲೆ ಎರಡು ಮೂರು ಎಲೆ, ತುದಿಯಲ್ಲೊಂದು ಕುಡಿ. ಕೊಯ್ದವರು ಚಿವುಟಿದ ಜಾಗ ತೊಟ್ಟಿನ ಬುಡದಲ್ಲಿ ಇನ್ನೂ ಕಾಣುತ್ತದೆ.